ಲೆಕ್ಕ ಹೊರಗೆ, ತಾಳೆ ಒಳಗೆ

ಹಂಪಿಯ ಕಲ್ಲಿನ ರಥ 2017ರಿಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿದೆ. ವಿರೂಪಾಕ್ಷ ಗುಡಿಯ ಮುಂದಿನ ಎಳನೀರಿನವರ ಹತ್ತಿರವಾಗಲಿ, ಹೊಸಪೇಟೆಯ ಒಗ್ಗರಣೆ-ಮಿರ್ಚಿ ಗಾಡಿಯ ಮುಂದಾಗಲಿ ಆ ನೋಟು ಈಗ ಮೊದಲಿನಷ್ಟು ಕಾಣುವುದಿಲ್ಲ. ಗಿರಾಕಿ ಫೋನ್ ಎತ್ತಿ ಸ್ಕ್ಯಾನ್ ಮಾಡುತ್ತಾನೆ, ಡಬ್ಬಿ ‘ಐವತ್ತು ರೂಪಾಯಿ ಬಂದಿದೆ’ ಎನ್ನುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ನಡೆದ ಯುಪಿಐ ಪಾವತಿಗಳು 2,000 ಕೋಟಿ ದಾಟಿದವು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸರಾಸರಿ 7,400ಕ್ಕೂ ಹೆಚ್ಚು.

ಇದರ ಪಕ್ಕದಲ್ಲಿ ಬ್ಲಾಕ್‌ಚೈನ್‌ಗಳ ಸಂಖ್ಯೆಯನ್ನು ಇಟ್ಟು ನೋಡಿ. ಬಿಟ್‌ಕಾಯಿನ್ ಸೆಕೆಂಡಿಗೆ ಏಳು ವಹಿವಾಟು ಮುಗಿಸಿದರೆ ಹೆಚ್ಚು. ಇನ್ನೊಂದು ದೊಡ್ಡ ಬ್ಲಾಕ್‌ಚೈನ್ ಎಥೀರಿಯಂ ಬಹಳ ವರ್ಷ ಹದಿನೈದರ ಆಸುಪಾಸಿನಲ್ಲೇ ಓಡಿತು. ಜಗತ್ತನ್ನೇ ಬದಲಿಸುತ್ತದೆ ಎಂದು ಹೊಗಳಿಸಿಕೊಂಡ ತಂತ್ರಜ್ಞಾನ ನಮ್ಮ ದೇಶದ ಒಂದು ದಿನದ ಚಿಲ್ಲರೆ ಪಾವತಿಗಳಿಗೂ ಸಾಲದಷ್ಟು ನಿಧಾನವೇಕೆ? ಹಾಗಿದ್ದರೂ ‘ಎರಡನೇ ಪದರ’ ಅಥವಾ ಲೇಯರ್ ಟೂ ಎಂಬ ಹೆಸರಿನಲ್ಲಿ ಈಗ ಸೆಕೆಂಡಿಗೆ ನೂರಾರು ವಹಿವಾಟುಗಳು ಅದೇ ಎಥೀರಿಯಂ ಆಧಾರದ ಮೇಲೆ ಹೇಗೆ ನಡೆಯುತ್ತಿವೆ? ಕ್ರಿಪ್ಟೋ ನಾಣ್ಯಗಳ ಬೆಲೆ ಏರಿಳಿತದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅದರ ಒಳಗಿನ ಈ ಚಂದದ ವಿಚಾರವನ್ನು ಮಾತ್ರ ಕನ್ನಡದಲ್ಲಿ ಯಾರೂ ಸಾವಧಾನವಾಗಿ ಹೇಳಿದಂತಿಲ್ಲ.

ನಿಧಾನಕ್ಕೆ ಕಾರಣ ದೋಷವಲ್ಲ, ಉದ್ದೇಶ. ಎಥೀರಿಯಂನಲ್ಲಿ ಯಾರೋ ಯಾರಿಗೋ ಹಣ ಕಳಿಸಿದರೆ, ಆ ಲೆಕ್ಕವನ್ನು ಜಗತ್ತಿನ ಬೇರೆ ಬೇರೆ ಕಡೆ ಇರುವ ಸಾವಿರಾರು ಕಂಪ್ಯೂಟರ್‌ಗಳು ಒಂದೊಂದಾಗಿ ಮತ್ತೆ ಮಾಡಿ ನೋಡುತ್ತವೆ. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ನಂಬುವುದಿಲ್ಲ, ತಾವೇ ಮಾಡುತ್ತಾರೆ. ಬ್ಯಾಂಕಿಲ್ಲದ, ಸರ್ಕಾರವಿಲ್ಲದ, ಮಾಲೀಕನಿಲ್ಲದ ಖಾತೆ ಪುಸ್ತಕಕ್ಕೆ ಬಲ ಬರುವುದು ಇಲ್ಲಿಂದಲೇ. ಆದರೆ ಎಲ್ಲರೂ ಎಲ್ಲವನ್ನೂ ಮಾಡುವುದರಿಂದ, ಎಷ್ಟು ಕಂಪ್ಯೂಟರ್ ಸೇರಿಸಿದರೂ ವೇಗ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಹನ್ನೆರಡು ಸೆಕೆಂಡಿಗೊಂದು ಬ್ಲಾಕ್, ಅಂದರೆ ಆ ಪುಸ್ತಕದ ಒಂದು ಪುಟ, ಅದರಲ್ಲಿ ಇಷ್ಟೇ ಜಾಗ. ಜನ ಹೆಚ್ಚಾದರೆ ಆ ಜಾಗಕ್ಕೆ ಹರಾಜು ಶುರುವಾಗುತ್ತದೆ. 2017ರ ಡಿಸೆಂಬರಿನಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕಿನ ಮರಿಗಳ ಆಟವೊಂದು ಇಡೀ ಎಥೀರಿಯಂ ಅನ್ನು ಕಟ್ಟಿಹಾಕಿತು. 2021ರ ಮೇ ತಿಂಗಳಲ್ಲಿ ಒಂದು ವಹಿವಾಟಿನ ಸರಾಸರಿ ಶುಲ್ಕ ಐವತ್ತು ಡಾಲರ್ ದಾಟಿದ ದಿನಗಳೂ ಇದ್ದವು. ಐವತ್ತು ರೂಪಾಯಿ ಎಳನೀರಿಗೆ ಐವತ್ತು ಡಾಲರ್ ಕೂಲಿ.

ದೊಡ್ಡ ದೊಡ್ಡ ಕಂಪ್ಯೂಟರ್‌ಗಳನ್ನು ಕೂರಿಸಿ ಬ್ಲಾಕಿನ ಜಾಗ ಹಿಗ್ಗಿಸಬಹುದಲ್ಲ ಎಂದು ಕೇಳಬಹುದು. ಹಿಗ್ಗಿಸಬಹುದು. ಆಗ ಅಂಥ ಯಂತ್ರ ಕೊಳ್ಳುವ ಶಕ್ತಿ ಇರುವ ಕೆಲವೇ ಕಂಪನಿಗಳು ಮಾತ್ರ ಲೆಕ್ಕ ತಾಳೆ ನೋಡಬಲ್ಲವು, ಉಳಿದವರು ಅವರು ಹೇಳಿದ್ದನ್ನು ಒಪ್ಪಿಕೊಳ್ಳಬೇಕು. ಆಗ ಅದನ್ನು ಬ್ಲಾಕ್‌ಚೈನ್ ಎಂದು ಕರೆಯುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ದಾರಿ, ಲೆಕ್ಕವನ್ನೇ ಹೊರಗೆ ಮಾಡುವುದು. ಇದು ನಮಗೆ ತೀರ ಹೊಸದಲ್ಲ. 2022ರ ಸೆಪ್ಟೆಂಬರಿನಲ್ಲಿ ಬಂದ ಯುಪಿಐ ಲೈಟ್ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಒಮ್ಮೆ ಒಂದಷ್ಟು ಹಣವನ್ನು ಫೋನಿನ ಲೈಟ್ ಖಾತೆಗೆ ಹಾಕಿಕೊಂಡರೆ, ಚಹಾ, ಬಾಳೆಹಣ್ಣು, ಆಟೋ ಬಾಡಿಗೆಯಂಥ ಚಿಲ್ಲರೆ ಪಾವತಿಗಳು ಅದರಿಂದಲೇ ಪಿನ್ ಇಲ್ಲದೆ ಹೋಗುತ್ತವೆ. ಕೊಡುವವನ ಬ್ಯಾಂಕಿನ ಮುಖ್ಯ ಗಣಕಕ್ಕೆ ಪ್ರತಿ ಸಲವೂ ಹೊರೆ ಬೀಳುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಹಣ ತುಂಬಿಸಿದ ಒಂದು ಸಾಲು ಮಾತ್ರ ಬರುತ್ತದೆ. ಸಣ್ಣ ಪಾವತಿಗಳ ಪ್ರವಾಹದಿಂದ ಬ್ಯಾಂಕುಗಳ ಗಣಕ ಕುಸಿಯದಿರಲಿ ಎಂಬುದೇ ಇದರ ಉದ್ದೇಶಗಳಲ್ಲಿ ಒಂದು. ಆದರೆ ಇಲ್ಲಿ ಏನಾದರೂ ಎಡವಟ್ಟಾದರೆ ಕೇಳಲು ಬ್ಯಾಂಕಿದೆ, ಅದರ ಮೇಲೆ ರಿಸರ್ವ್ ಬ್ಯಾಂಕಿದೆ. ಬ್ಲಾಕ್‌ಚೈನಿನಲ್ಲಿ ಕೇಳಲು ಯಾರೂ ಇಲ್ಲ. ಹಾಗಾಗಿ ಲೆಕ್ಕವನ್ನು ಹೊರಗೆ ಸಾಗಿಸುವುದು ಸುಲಭದ ಭಾಗ. ಹೊರಗೆ ಮಾಡಿದ ಲೆಕ್ಕ ಸರಿಯೆಂದು ಒಳಗಿರುವವರಿಗೆ ಮನದಟ್ಟು ಮಾಡುವುದು ಹೇಗೆ ಎಂಬುದೇ ಕಷ್ಟದ ಭಾಗ. ಎರಡನೇ ಪದರದ ಹತ್ತು ವರ್ಷಗಳ ಕಥೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಗಣಿ ಸೀಮೆಯ ಸಂಡೂರು, ಹೊಸಪೇಟೆಯ ಜನರಿಗೆ ಈ ಪ್ರಶ್ನೆಯ ತೂಕ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಗಣಿಯಲ್ಲಿ ಕಬ್ಬಿಣದ ಅದಿರು ತುಂಬಿದ್ದು ಒಂದು ಕಡೆ, ತೂಕ ಹಾಕಿದ್ದು ಇನ್ನೊಂದು ಕಡೆ, ಪರ್ಮಿಟ್ ಬರೆದದ್ದು ಮತ್ತೊಂದು ಕಡೆ, ಹಡಗಿಗೆ ಏರಿದ್ದು ನೂರಾರು ಮೈಲಿ ಆಚೆ. ಕಾಗದದ ಮೇಲಿನ ಟನ್ನು ಒಂದು, ಲಾರಿಯ ಮೇಲಿನ ಟನ್ನು ಇನ್ನೊಂದು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ವರದಿ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ ಎಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಅಂಕಿ ಸಿಕ್ಕಿದ್ದು ಹೇಗೆ ಎಂಬುದನ್ನು ನಾವು ಮರೆಯಬಾರದು. ಕೊಟ್ಟ ಪರ್ಮಿಟ್‌ಗಳ ಮೊತ್ತವನ್ನೂ ರಫ್ತಾದ ಅದಿರಿನ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟಾಗ ಹೊಂದಲಿಲ್ಲ. ಬಂದರಿನ ದಾಖಲೆ ಬೇರೆಯವರ ಕೈಯಲ್ಲಿ ಉಳಿದಿತ್ತು, ತಾಳೆ ನೋಡುವವರಿಗೆ ಸಿಕ್ಕಿತು, ಕಳ್ಳಲೆಕ್ಕ ಬಯಲಾಯಿತು. ಎಲ್ಲ ದಾಖಲೆಯೂ ಒಬ್ಬರ ಬೀರುವಿನಲ್ಲೇ ಇದ್ದಿದ್ದರೆ ಎಷ್ಟು ಪ್ರಾಮಾಣಿಕ ಅಧಿಕಾರಿ ಬಂದರೂ ಏನನ್ನೂ ರುಜುವಾತು ಮಾಡಲು ಆಗುತ್ತಿರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ತಾಂತ್ರಿಕ ಮಾತೆಲ್ಲ ಸಲೀಸು.

ಮೊದಲ ಪ್ರಯತ್ನ ಬಿಟ್‌ಕಾಯಿನ್ ಕಡೆಯಿಂದ ಬಂತು. 2015ರಲ್ಲಿ ಜೋಸೆಫ್ ಪೂನ್ ಮತ್ತು ಥಡಿಯಸ್ ಡ್ರೈಜಾ ಲೈಟ್ನಿಂಗ್ ಜಾಲದ ಕಲ್ಪನೆಯನ್ನು ಮುಂದಿಟ್ಟರು. ಇಬ್ಬರು ಸೇರಿ ಚೈನಿನ ಮೇಲೆ ಸ್ವಲ್ಪ ಹಣ ಕಟ್ಟಿಡುತ್ತಾರೆ. ಆಮೇಲೆ ತಮ್ಮತಮ್ಮಲ್ಲೇ ಎಷ್ಟು ಸಲ ಬೇಕಾದರೂ ಕೊಡುಕೊಳ್ಳುವಿಕೆ ನಡೆಸುತ್ತ, ಪ್ರತಿ ಸಲ ಇಬ್ಬರೂ ಹೊಸ ಬಾಕಿಗೆ ಡಿಜಿಟಲ್ ಸಹಿ ಹಾಕುತ್ತಾರೆ. ಕೊನೆಯ ಬಾಕಿ ಮಾತ್ರ ಚೈನಿಗೆ ಹೋಗುತ್ತದೆ. ಹಳೆಯ ಬಾಕಿ ತೋರಿಸಿ ಮೋಸ ಮಾಡಲು ಹೋದವನು ಸಿಕ್ಕಿಬಿದ್ದರೆ ಕಟ್ಟಿಟ್ಟ ಹಣವನ್ನೇ ಕಳೆದುಕೊಳ್ಳುತ್ತಾನೆ. ಪಾವತಿಗೆ ಇದು ಸೊಗಸಾಗಿದೆ. ಸಾಲ, ಹರಾಜು, ವಿಮೆಯಂಥ ಹಲವರು ಸೇರುವ ವ್ಯವಹಾರಕ್ಕೆ ಇದು ಒಗ್ಗದು.

2017ರಲ್ಲಿ ಅದೇ ಪೂನ್ ಎಥೀರಿಯಂನ ವಿಟಾಲಿಕ್ ಬುಟೆರಿನ್ ಜೊತೆ ಸೇರಿ ಪ್ಲಾಸ್ಮಾ ಎಂಬ ಯೋಜನೆ ತಂದರು. ಒಂದು ಮರಿ ಚೈನ್ ಹೊರಗೆ ಓಡುತ್ತದೆ, ಆಗಾಗ ತನ್ನ ಸ್ಥಿತಿಯ ಒಂದು ಚಿಕ್ಕ ಗುರುತನ್ನು ಮಾತ್ರ ಎಥೀರಿಯಂಗೆ ಬರೆಯುತ್ತದೆ. ಅದು ಎಡವಿದ್ದು ಸರಿಯಾಗಿ ಬೀರುವಿನ ಸಮಸ್ಯೆಯಲ್ಲೇ. ಮರಿ ಚೈನ್ ನಡೆಸುವವನು ಗುರುತನ್ನು ಬರೆದು, ಅದರ ಹಿಂದಿನ ವಹಿವಾಟುಗಳ ಪಟ್ಟಿಯನ್ನು ಯಾರಿಗೂ ಕೊಡದೆ ಕೂತರೆ? ಗುರುತು ಸುಳ್ಳೆಂದು ಅನುಮಾನ ಬಂದರೂ ಸಾಬೀತು ಮಾಡಲು ಕೈಯಲ್ಲಿ ಏನೂ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ಹಣ ವಾಪಸು ಪಡೆಯಲು ಓಡಬೇಕು, ಆ ನೂಕುನುಗ್ಗಲಿಗೇ ಎಥೀರಿಯಂ ಮತ್ತೆ ಕಟ್ಟಿಕೊಳ್ಳುತ್ತದೆ.

ರೋಲಪ್ ಹುಟ್ಟಿದ್ದು ಈ ಪಾಠದಿಂದ. ಕಲ್ಪನೆ 2018ರಲ್ಲಿ ರೂಪ ಪಡೆಯಿತು, 2020ರ ಅಕ್ಟೋಬರಿನಲ್ಲಿ ಬುಟೆರಿನ್ ಎಥೀರಿಯಂನ ಮುಂದಿನ ಹಾದಿಯೇ ರೋಲಪ್‌ಗಳದು ಎಂದು ಬರೆದರು. 2021ರ ಆಗಸ್ಟ್ ಕೊನೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೂಲದ ತಂಡ ಕಟ್ಟಿದ ಆರ್ಬಿಟ್ರಮ್ ಎಲ್ಲರಿಗೂ ತೆರೆಯಿತು. ಅದೇ ವರ್ಷದ ಕೊನೆಗೆ ಆಪ್ಟಿಮಿಸಂ ಕೂಡ.

ಅದು ನಡೆಯುವುದು ಹೀಗೆ. ಜನ ತಮ್ಮ ವಹಿವಾಟುಗಳನ್ನು ರೋಲಪ್‌ನ ಸೀಕ್ವೆನ್ಸರ್ ಎಂಬ ಕಂಪ್ಯೂಟರಿಗೆ ಕಳಿಸುತ್ತಾರೆ. ಅದು ಅವುಗಳ ಸರದಿ ನಿಗದಿ ಮಾಡುತ್ತದೆ, ಒಂದರ ಹಿಂದೊಂದರಂತೆ ನಡೆಸುತ್ತದೆ, ಕ್ಷಣಾರ್ಧದಲ್ಲಿ ‘ಆಯಿತು’ ಎಂದು ಉತ್ತರಿಸುತ್ತದೆ. ಯಾರ ಖಾತೆಯಿಂದ ಎಷ್ಟು ಕಳೆಯಬೇಕು, ಯಾವ ಕರಾರಿನ ಯಾವ ಷರತ್ತು ಪೂರೈಸಿತು ಎಂಬ ಲೆಕ್ಕವೆಲ್ಲ ಇಲ್ಲೇ, ಎಥೀರಿಯಂನ ಹೊರಗೇ ಮುಗಿಯುತ್ತದೆ. ಬಳಿಕ ಸಾವಿರಾರು ವಹಿವಾಟುಗಳ ಒಂದು ಕಂತೆ ಕಟ್ಟಿ, ಎಷ್ಟು ಸಾಧ್ಯವೋ ಅಷ್ಟು ಹಿಂಡಿ ಚಿಕ್ಕದು ಮಾಡಿ, ಎರಡು ವಸ್ತುಗಳನ್ನು ಎಥೀರಿಯಂ ಮೇಲೆ ಇಡುತ್ತಾರೆ. ಒಂದು, ಕಂತೆಯಲ್ಲಿರುವ ವಹಿವಾಟುಗಳ ಪಟ್ಟಿ. ಇನ್ನೊಂದು, ಅವೆಲ್ಲ ನಡೆದ ಮೇಲೆ ಖಾತೆಗಳ ಸ್ಥಿತಿ ಏನಾಯಿತು ಎನ್ನುವುದರ 32 ಬೈಟ್‌ನ ಗುರುತು, ಅಂದರೆ ಹ್ಯಾಶ್. ಯಾರದೋ ಒಂದು ಖಾತೆಯಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಾದರೂ ಈ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಪ್ಲಾಸ್ಮಾ ಬಿಟ್ಟುಬಿಟ್ಟಿದ್ದ ಪಟ್ಟಿ ಇಲ್ಲಿ ಎಲ್ಲರ ಕಣ್ಣೆದುರು ಬಂತು. ವ್ಯತ್ಯಾಸ ಇಷ್ಟೇ, ಆದರೆ ಎಲ್ಲವೂ ಇದರಲ್ಲೇ ಇದೆ.

ಉಳಿತಾಯ ಎಷ್ಟು? ಎಥೀರಿಯಂನಲ್ಲಿ ಕೆಲಸದ ಅಳತೆಗೆ ಗ್ಯಾಸ್ ಎನ್ನುತ್ತಾರೆ. ನೇರವಾಗಿ ಒಬ್ಬರಿಂದ ಒಬ್ಬರಿಗೆ ಹಣ ಕಳಿಸಲು 21,000 ಗ್ಯಾಸ್ ಬೇಕು. ರೋಲಪ್‌ನಲ್ಲಿ ಅದೇ ಪಾವತಿಯನ್ನು ಹಿಂಡಿದರೆ ಹನ್ನೆರಡು ಬೈಟ್‌ಗೆ ಇಳಿಸಬಹುದೆಂದು ಬುಟೆರಿನ್ ಲೆಕ್ಕ ಕೊಟ್ಟಿದ್ದರು. ಒಂದು ಬೈಟ್ ಬರೆಯಲು 16 ಗ್ಯಾಸ್ ಎಂದು ಹಿಡಿದರೆ ಒಟ್ಟು 192. ನೂರಕ್ಕೂ ಹೆಚ್ಚು ಪಟ್ಟು ಅಗ್ಗ. ಸಹಿಗಳನ್ನೂ ಒಟ್ಟುಗೂಡಿಸಬೇಕು, ಬೇರೆ ಖರ್ಚುಗಳೂ ಇವೆ, ಹಾಗಾಗಿ ನಿಜದಲ್ಲಿ ಇಷ್ಟು ಸಿಗದಿರಬಹುದು, ಆದರೆ ದಿಕ್ಕು ತಿಳಿಯಲು ಇದು ಸಾಕು.

ಪಟ್ಟಿ ಎದುರಿಗಿದೆ. ಆದರೂ ಎಥೀರಿಯಂ ಆ ಲೆಕ್ಕವನ್ನು ಮಾಡಿ ನೋಡಿಲ್ಲ, ಮಾಡಿ ನೋಡಿದರೆ ಉಳಿತಾಯವೇ ಇಲ್ಲ. ಹಾಗಾದರೆ ಹ್ಯಾಶ್ ಸರಿಯೆಂದು ಅದು ನಂಬುವುದು ಹೇಗೆ? ಇದಕ್ಕೆ ಎರಡು ಉತ್ತರಗಳಿವೆ, ಎರಡೂ ಒಂದಕ್ಕಿಂತ ಒಂದು ಚಂದ.

ಮೊದಲನೆಯದು ಆಪ್ಟಿಮಿಸ್ಟಿಕ್ ರೋಲಪ್. ‘ಸರಿಯೆಂದೇ ಇಟ್ಟುಕೊಳ್ಳುತ್ತೇನೆ, ತಕರಾರಿದ್ದರೆ ಏಳು ದಿನದೊಳಗೆ ಹೇಳಿ’ ಎಂಬುದು ಇದರ ರೀತಿ. ತಕರಾರು ಬಂದರೂ ಇಡೀ ಕಂತೆಯನ್ನು ಮತ್ತೆ ನಡೆಸುವ ಶಕ್ತಿ ಎಥೀರಿಯಂಗೆ ಇಲ್ಲ. ಅದಕ್ಕಾಗಿ ವಾದಿ-ಪ್ರತಿವಾದಿಗಳನ್ನು ಎದುರುಬದುರು ಕೂರಿಸುತ್ತಾರೆ. ಕಂತೆಯ ಲೆಕ್ಕದಲ್ಲಿ ನೂರು ಕೋಟಿ ಹೆಜ್ಜೆಗಳಿವೆ ಎಂದುಕೊಳ್ಳಿ. ಆರಂಭದ ಸ್ಥಿತಿಯನ್ನು ಇಬ್ಬರೂ ಒಪ್ಪುತ್ತಾರೆ, ಅಂತ್ಯವನ್ನು ಒಪ್ಪುವುದಿಲ್ಲ. ಹಾಗಿದ್ದರೆ ಸರಿಯಾಗಿ ನಡುವಿನ ಹೆಜ್ಜೆಯಲ್ಲಿ ಸ್ಥಿತಿ ಏನಿತ್ತು, ಹೇಳಿ. ಅಲ್ಲಿ ಒಪ್ಪಿಗೆಯಾದರೆ ತಪ್ಪು ಎರಡನೇ ಅರ್ಧದಲ್ಲಿದೆ, ಆಗದಿದ್ದರೆ ಮೊದಲರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ, ಅದನ್ನು ಮತ್ತೆ. ಮೂವತ್ತು ಸಲ ಹೀಗೆ ಸೀಳಿದರೆ ನೂರು ಕೋಟಿ ಹೆಜ್ಜೆಗಳಲ್ಲಿ ಒಂದೇ ಒಂದು ಹೆಜ್ಜೆ ಉಳಿಯುತ್ತದೆ. ಎರಡು ಸಂಖ್ಯೆ ಕೂಡಿಸಿದಷ್ಟು ಚಿಕ್ಕ ಹೆಜ್ಜೆ. ಅದನ್ನು ಎಥೀರಿಯಂ ತಾನೇ ಮಾಡಿ ನೋಡುತ್ತದೆ, ಸುಳ್ಳು ಹೇಳಿದವನ ಠೇವಣಿ ಹೋಗುತ್ತದೆ. ಆರ್ಬಿಟ್ರಮ್ ಈ ದಾರಿಯದು. ಸಾವಿರ ಜನ ಸುಮ್ಮನಿದ್ದು ಒಬ್ಬನೇ ಒಬ್ಬ ಪ್ರಾಮಾಣಿಕ ಎಚ್ಚರವಾಗಿದ್ದರೂ ಮೋಸ ನಡೆಯದು. ನ್ಯಾಯ ಪಡೆಯಲು ಬಹುಮತ ಬೇಕಿಲ್ಲ ಎನ್ನುವ ಈ ಗುಣವೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು.

ಬೆಲೆಯೂ ಇದೆ. ರೋಲಪ್‌ನಿಂದ ಎಥೀರಿಯಂಗೆ ಹಣ ವಾಪಸು ತರಲು ಆ ಏಳು ದಿನ ಕಾಯಬೇಕು. ಅವಸರದವರಿಗೆ ಮಧ್ಯವರ್ತಿಗಳು ಕಮಿಷನ್ ಹಿಡಿದು ಮುಂಗಡ ಕೊಡುತ್ತಾರೆ.

ಎರಡನೆಯದು ಝೆಡ್‌ಕೆ (ಝೀರೋ ನಾಲೆಜ್, ಶೂನ್ಯ ಜ್ಞಾನ) ರೋಲಪ್. ಇಲ್ಲಿ ತಕರಾರಿಗಾಗಿ ಏಳು ದಿನ ಕಾಯುವ ಮಾತೇ ಇಲ್ಲ. ಪ್ರತಿ ಕಂತೆಯ ಜೊತೆಗೂ ‘ಈ ಪಟ್ಟಿಯನ್ನು ನಿಯಮದಂತೆ ನಡೆಸಿದರೆ ಈ ಹ್ಯಾಶೇ ಬರುತ್ತದೆ’ ಎಂಬುದಕ್ಕೆ ಒಂದು ಗಣಿತದ ಸಾಕ್ಷ್ಯವನ್ನು ಲಗತ್ತಿಸುತ್ತಾರೆ. ಸಾಕ್ಷ್ಯ ತಯಾರಿಸಲು ಭಾರೀ ಗಣನೆ ಬೇಕು, ಪರೀಕ್ಷಿಸಲು ಬಹಳ ಸ್ವಲ್ಪ ಸಾಕು. ಬೇರು 1985ರದು. ಷಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ, ಚಾರ್ಲ್ಸ್ ರ‍್ಯಾಕಾಫ್ ಎಂಬ ಮೂವರು, ಗುಟ್ಟು ಬಿಟ್ಟುಕೊಡದೆ ಒಂದು ಮಾತು ನಿಜವೆಂದು ರುಜುವಾತು ಮಾಡಬಹುದು ಎಂದು ತೋರಿಸಿದರು. ಹೆಸರು ನೋಡಿ ಹಲವರು ಝೆಡ್‌ಕೆ ರೋಲಪ್ ಎಂದರೆ ಗೋಪ್ಯತೆ ಎಂದುಕೊಳ್ಳುತ್ತಾರೆ. ಬಹುಪಾಲು ಅಂಥ ರೋಲಪ್‌ಗಳಲ್ಲಿ ಎಲ್ಲ ವಹಿವಾಟೂ ಬಹಿರಂಗ. ಅಲ್ಲಿ ಬೇಕಾಗಿರುವುದು ಸಾಕ್ಷ್ಯದ ಚಿಕ್ಕ ಗಾತ್ರ ಮಾತ್ರ. ಇನ್ನೊಂದು ಸಂಗತಿಯನ್ನೂ ಜನ ಮರೆಯುತ್ತಾರೆ. ಸಾಕ್ಷ್ಯ ಎಷ್ಟೇ ಗಟ್ಟಿಯಾಗಿದ್ದರೂ ಪಟ್ಟಿ ಬಹಿರಂಗವಾಗಿಲ್ಲದಿದ್ದರೆ ನನ್ನ ಖಾತೆಯಲ್ಲಿ ಎಷ್ಟಿದೆ ಎಂದು ತೋರಿಸಿ ಹಣ ಹಿಂತೆಗೆಯಲು ನನಗೆ ದಾರಿ ಇರುವುದಿಲ್ಲ. ಲೆಕ್ಕ ಸರಿ, ಆದರೆ ಬೀರುವಿನ ಬೀಗದ ಕೈ ಬೇರೆಯವರದು.

ಆದ್ದರಿಂದಲೇ ಈಚಿನ ವರ್ಷಗಳ ದೊಡ್ಡ ಸುಧಾರಣೆ ಲೆಕ್ಕದ ವೇಗದಲ್ಲಿ ಆಗಲಿಲ್ಲ, ಪಟ್ಟಿ ಇಡುವ ಜಾಗದಲ್ಲಿ ಆಯಿತು. 2024ರ ಮಾರ್ಚ್ 13ರ ಡೆಂಕುನ್ ಮಾರ್ಪಾಡಿನವರೆಗೆ ರೋಲಪ್‌ಗಳು ಪಟ್ಟಿಯನ್ನು ಎಥೀರಿಯಂನ ಶಾಶ್ವತ ದಾಖಲೆಯಲ್ಲೇ ಬರೆಯಬೇಕಿತ್ತು. ಅವುಗಳ ಖರ್ಚಿನ ಸಿಂಹಪಾಲು ಅಲ್ಲೇ ಹೋಗುತ್ತಿತ್ತು. ಡೆಂಕುನ್ ನಂತರ ‘ಬ್ಲಾಬ್’ ಎಂಬ 128 ಕಿಲೋಬೈಟ್‌ನ ಪ್ರತ್ಯೇಕ ಗಂಟುಗಳು ಬಂದವು. ಇವನ್ನು ಜಾಲ ಸುಮಾರು ಹದಿನೆಂಟು ದಿನ ಮಾತ್ರ ಇಟ್ಟುಕೊಂಡು ಬಿಟ್ಟುಬಿಡುತ್ತದೆ. ಹದಿನೆಂಟು ದಿನವೇಕೆ ಸಾಕು ಎಂದರೆ, ತಕರಾರಿನ ಗಡುವು ಏಳೇ ದಿನ. ಬೇಕಾದವರು ಅಷ್ಟರಲ್ಲಿ ನಕಲು ಮಾಡಿಕೊಳ್ಳಬಹುದು, ತಾಳೆ ನೋಡಬಹುದು. ಶಾಶ್ವತವಾಗಿ ಇಟ್ಟುಕೊಳ್ಳುವುದು ಬೇರೆ, ನೋಡಬೇಕಾದ ಹೊತ್ತಿಗೆ ಎಲ್ಲರಿಗೂ ಸಿಗುವಂತೆ ಇಡುವುದು ಬೇರೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಕೆಲವು ರೋಲಪ್‌ಗಳಲ್ಲಿ ಶುಲ್ಕ ಶೇಕಡಾ ತೊಂಬತ್ತಕ್ಕಿಂತ ಹೆಚ್ಚು ಇಳಿದು ಪೈಸೆಗಳ ಲೆಕ್ಕಕ್ಕೆ ಬಂತು.

ಈ ಕಥೆಯಲ್ಲಿ ನಮ್ಮ ದೇಶದವರ ಪಾಲು ಸಣ್ಣದಲ್ಲ. ಜಯಂತಿ ಕಾನಾಣಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ 2017ರಲ್ಲಿ ಕಟ್ಟಿದ, ಎಥೀರಿಯಂಗೆ ಜೋಡಿಸಿದ ಮ್ಯಾಟಿಕ್ ಎಂಬ ಜಾಲ 2021ರಲ್ಲಿ ಪಾಲಿಗಾನ್ ಎಂದು ಹೆಸರು ಬದಲಿಸಿಕೊಂಡು ಜಗತ್ತಿಗೆಲ್ಲ ಪರಿಚಿತವಾಯಿತು. 2022ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎಟಪಳ್ಳಿಯಲ್ಲಿ 65,000 ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಆಧಾರದಲ್ಲಿ ಕೊಡುವ ಯೋಜನೆ ಪ್ರಕಟವಾಯಿತು. ಗೋಂಡ ಸಮುದಾಯಗಳ ಕಾಡು ಪ್ರದೇಶ ಅದು. ನಮ್ಮ ಸಂಡೂರು, ಕಂಪ್ಲಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿನ ವಿದ್ಯಾರ್ಥಿಗೆ ಜಾತಿ ಪ್ರಮಾಣಪತ್ರ ಎಂದರೆ ಹಾಸ್ಟೆಲ್, ವಿದ್ಯಾರ್ಥಿವೇತನ, ನೌಕರಿ. ನಾಡಕಚೇರಿಯ ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಹಾಕಿದರೆ ಅಸಲಿಯೇ ಎಂದು ಇಂದೂ ನೋಡಬಹುದು, ಆದರೆ ಉತ್ತರ ಕೊಡುವುದು ಸರ್ಕಾರದ ಒಂದೇ ದತ್ತಕೋಶ. ಎಟಪಳ್ಳಿಯಂಥ ವ್ಯವಸ್ಥೆಯಲ್ಲಿ ಪತ್ರದ ಹ್ಯಾಶ್ ಮಾತ್ರ ಚೈನ್ ಸೇರುತ್ತದೆ, ಹೆಸರು-ವಿಳಾಸ ಸೇರಬೇಕಿಲ್ಲ. ಪತ್ರದಲ್ಲಿ ಒಂದಕ್ಷರ ತಿದ್ದಿದರೂ ಹ್ಯಾಶ್ ಹೊಂದುವುದಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪಾಲಿಗಾನ್‌ನ ಹಳೆಯ ಮುಖ್ಯ ಚೈನ್ ಕಟ್ಟುನಿಟ್ಟಾದ ಅರ್ಥದಲ್ಲಿ ರೋಲಪ್ ಅಲ್ಲ. ಅದಕ್ಕೆ ತನ್ನದೇ ದೃಢೀಕರಣಗಾರರ ಪಡೆ ಇದೆ, ವಹಿವಾಟಿನ ಪಟ್ಟಿಯೂ ಅವರಲ್ಲೇ ಇರುತ್ತದೆ. ಎಥೀರಿಯಂಗೆ ಆಗಾಗ ಒಂದು ಗುರುತು ಮಾತ್ರ ಹೋಗುತ್ತದೆ. ಆ ಪಡೆಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬಲ ಹೊಂದಿದವರು ಒಂದಾಗಿ ಮೋಸಕ್ಕೆ ಇಳಿದರೆ ತಡೆಯುವ ಗಣಿತ ಅಲ್ಲಿಲ್ಲ. ಪ್ರಮಾಣಪತ್ರಕ್ಕೆ ಇಷ್ಟು ಭದ್ರತೆ ಸಾಕಾಗಬಹುದು, ಕೋಟಿಗಟ್ಟಲೆ ಹಣಕ್ಕೆ ಸಾಲದು. ಬೆಂಗಳೂರಿನಲ್ಲಿ 2020ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರದ ಚೈನ್‌ಗಳದು ಇನ್ನೊಂದೇ ಜಾತಿ. ಅಲ್ಲಿ ಅನುಮತಿ ಪಡೆದ ಸಂಸ್ಥೆಗಳಷ್ಟೇ ಭಾಗಿಗಳು. ಮೂರಕ್ಕೂ ಬ್ಲಾಕ್‌ಚೈನ್ ಎಂಬ ಒಂದೇ ಹಣೆಪಟ್ಟಿ ಅಂಟಿಸಿ ಮಾರುವವರನ್ನು ನಂಬುವ ಮೊದಲು ಪಟ್ಟಿ ಎಲ್ಲಿದೆ, ತಕರಾರು ಎತ್ತುವ ಹಕ್ಕು ಯಾರಿಗಿದೆ ಎಂದು ಕೇಳಬೇಕು.

ಅಪ್ಪಟ ರೋಲಪ್‌ಗಳೂ ಪೂರ್ತಿ ಮಾಗಿಲ್ಲ. ಆಪ್ಟಿಮಿಸಂ ತೆರೆದು ಎರಡು ವರ್ಷಕ್ಕೂ ಹೆಚ್ಚು ಕಾಲ ತಕರಾರಿನ ವ್ಯವಸ್ಥೆಯೇ ಜಾರಿಯಲ್ಲಿರಲಿಲ್ಲ. ಅದು ಬಂದದ್ದು 2024ರ ಜೂನ್‌ನಲ್ಲಿ. ಆರ್ಬಿಟ್ರಮ್‌ನಲ್ಲಿ ಯಾರು ಬೇಕಾದರೂ ತಕರಾರು ಎತ್ತುವ ಅವಕಾಶ ಸಿಕ್ಕಿದ್ದು 2025ರಲ್ಲಿ. ಸೀಕ್ವೆನ್ಸರ್ ಬಹಳ ಕಡೆ ಇಂದಿಗೂ ಒಂದೇ ಸಂಸ್ಥೆಯ ಕೈಯಲ್ಲಿದೆ. 2023ರ ಡಿಸೆಂಬರ್ 15ರಂದು ವಹಿವಾಟುಗಳ ಹೊಡೆತಕ್ಕೆ ಆರ್ಬಿಟ್ರಮ್‌ನದು ಒಂದು ಗಂಟೆಗೂ ಮೀರಿ ನಿಂತೇಹೋಯಿತು. ಹಣ ಕಳೆಯಲಿಲ್ಲ, ಕೆಲಸ ನಿಂತಿತು. ಸೀಕ್ವೆನ್ಸರ್ ಬೇಕೆಂದೇ ಒಬ್ಬನ ವಹಿವಾಟನ್ನು ಬದಿಗಿಟ್ಟರೆ ಅವನು ನೇರ ಎಥೀರಿಯಂಗೆ ಹೋಗಿ ಅದನ್ನು ಸೇರಿಸುವ ಹಿಂಬಾಗಿಲು ಒಳ್ಳೆಯ ರೋಲಪ್‌ಗಳಲ್ಲಿದೆ. ಆ ಬಾಗಿಲಿಲ್ಲದ್ದನ್ನು ನಾನು ಎರಡನೇ ಪದರ ಎನ್ನುವುದಿಲ್ಲ.

ಸಂಡೂರಿಗೆ ಮರಳಿ ಬಂದರೆ, ಅದಿರು ಸಾಗಣೆಗೆ ಇದನ್ನು ಬಳಸಬಹುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2011ರ ನಂತರ ಇ-ಹರಾಜು, ಗಣಕೀಕೃತ ಪರ್ಮಿಟ್ ಎಲ್ಲ ಬಂದಿವೆ. ದಿನಕ್ಕೆ ಸಾವಿರಾರು ಲಾರಿಗಳ ಒಂದೊಂದು ಪರ್ಮಿಟ್ಟನ್ನೂ ನೇರ ಎಥೀರಿಯಂ ಮೇಲೆ ಬರೆಯುವುದು ಹಿಂದೆ ಹುಚ್ಚು ಖರ್ಚಾಗಿತ್ತು, ರೋಲಪ್‌ನ ಪೈಸೆ ಶುಲ್ಕದಲ್ಲಿ ಅದೊಂದು ಅಡ್ಡಿಯೇ ಅಲ್ಲ. ಗಣಿ, ವೇಬ್ರಿಡ್ಜ್, ರೈಲ್ವೆ ಸೈಡಿಂಗ್, ಉಕ್ಕಿನ ಕಾರ್ಖಾನೆಯ ಗೇಟು, ಇಷ್ಟೂ ಕಡೆಯ ಟನ್ನುಗಳನ್ನು ಯಾರು ಬೇಕಾದರೂ ತಾಳೆ ನೋಡುವಂತಾಗುತ್ತದೆ. ಒಮ್ಮೆ ಬರೆದದ್ದನ್ನು ರಾತ್ರೋರಾತ್ರಿ ತಿದ್ದಲು ಆಗದು. ಆದರೆ ವೇಬ್ರಿಡ್ಜಿನ ಮೇಲೆ ಮೂವತ್ತು ಟನ್ ನಿಂತಿರುವಾಗ ಇಪ್ಪತ್ತೆಂದು ಒತ್ತಿದ ಬೆರಳನ್ನು ಯಾವ ರೋಲಪ್ಪೂ ಹಿಡಿಯಲಾರದು. ಏಳು ದಿನದ ತಕರಾರು ಪರಿಶೀಲಿಸುವುದು ಇಪ್ಪತ್ತಕ್ಕೆ ಇಪ್ಪತ್ತು ಕೂಡಿಸಿದ್ದು ಸರಿಯೇ ಎಂದು, ಅದು ನಿಜವಾಗಿ ಇಪ್ಪತ್ತೇ ಆಗಿತ್ತೇ ಎಂದಲ್ಲ. ಆ ಸುಳ್ಳು ಹೊರಬೀಳಬೇಕಾದರೆ ಅದೇ ಲಾರಿಯನ್ನು ಮುಂದಿನ ಗೇಟಿನಲ್ಲಿ, ಮೊದಲಿನವರ ಹಂಗಿಲ್ಲದ ಇನ್ನೊಬ್ಬರು ಮತ್ತೆ ತೂಗಿರಬೇಕು, ಅವರ ಟನ್ನೂ ಅದೇ ಪಟ್ಟಿಗೆ ಸೇರಿರಬೇಕು.